ಆಡುವ ಮಾತು, ಉಡುವ ಬಟ್ಟೆ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಮೇಷ್ಟ್ರು ಮೈಕ್ ಹಿಡಿದರೆ ಉಪದೇಶ ತಪ್ಪಿದ್ದಲ್ಲ ಅಂತ ನೀವು ಅಂದುಕೊಂಡಿರಬಹುದು. ಇವತ್ತು ಉಪದೇಶ ಮಾಡೋದಿಲ್ಲ. ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಬಹಳ ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಒಬ್ಬಳು ಹುಡುಗಿ ಪಾಠ ಓದುವಾಗ ‘ಹಾಲು’ ಎನ್ನುವ ಕಡೆ ‘ಆಲು’ ಅಂದಳು. ನಾನು ಅವಳನ್ನು ಎದ್ದು ನಿಲ್ಲಿಸಿ ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ‘ಆಲು’ ಅಂತಲೇ ಬಂತು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಆ ಮಗು ಗಟ್ಟಿಯಾಗಿ ಓದಲೇ ಇಲ್ಲ. ಲೆಕ್ಕದಲ್ಲಿ ಚುರುಕಾಗಿದ್ದವಳನ್ನು ನಾನು ದಡ್ಡರ ಸಾಲಿಗೆ ಸೇರಿಸಿಬಿಟ್ಟಿದ್ದೆ.

ಆಕೆ ಈಗ ನಮ್ಮ ಸಂಘಕ್ಕೆ ದಿನವೂ ಹಾಲು ಹಾಕುವ ಸದಸ್ಯೆ. ಒಂದು ಮಹಾಸಭೆಯಲ್ಲಿ ಜಮಾಖರ್ಚು ಓದುತ್ತಿದ್ದಾಗ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. “ಯಾಕವ್ವಾ, ನೀನೇ ಎದ್ದು ಕೇಳಬಾರದಾ?” ಅಂದೆ. “ನಂಗೆ ಸುದ್ದವಾಗಿ ಮಾತಾಡಕ್ಕೆ ಬರಾಕಿಲ್ಲ ಮೇಷ್ಟ್ರೇ, ಎಲ್ರೂ ನಗ್ತಾರೆ” ಅಂದರು. ಬೋನಸ್ಸನ್ನು ಲೀಟರಿನ ಮೇಲೆ ಹಾಕುತ್ತಾರೋ, ಬಟವಾಡೆಯ ರೂಪಾಯಿ ಮೇಲೆ ಹಾಕುತ್ತಾರೋ ಎಂಬುದು ಅವರ ಪ್ರಶ್ನೆ. ಅದನ್ನು ನಾನು ಎದ್ದು ಕೇಳಿದೆ. ಆವತ್ತು ಸಭೆ ಅರ್ಧ ಗಂಟೆ ಚರ್ಚೆ ಮಾಡಿದ್ದು ಆ ಒಂದು ಪ್ರಶ್ನೆಯನ್ನೇ. ಅಂಥ ಪ್ರಶ್ನೆ ಕೇಳಬಲ್ಲ ಬಾಯಿಗೆ ಬೀಗ ಹಾಕಿದವನು ನಾನು.

‘ಆಲು’ ತಪ್ಪೇ? ಸಾವಿರ ವರ್ಷದ ಹಿಂದಿನ ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’, ಹಳ್ಳಿಗೆ ‘ಪಳ್ಳಿ’ ಅನ್ನುತ್ತಿದ್ದರು. ಕಾಲ ಕಳೆದಂತೆ ‘ಪ’ ಸವೆದು ‘ಹ’ ಆಯಿತು. ನಮ್ಮ ಕಡೆ ಬಾಯಲ್ಲಿ ಆ ‘ಹ’ವೂ ಸವೆಯಿತು, ಅಷ್ಟೇ. ಬೆಸಗರಹಳ್ಳಿ ಎಂದು ಬರೆದು ಬೆಸಗರಳ್ಳಿ ಎಂದು ಕರೆಯುವವರು ನಾವೇ ತಾನೇ? ಬರೆಯುವಾಗ ‘ಹಾಲು’ ಎಂದೇ ಬರೆಯಲಿ, ಅದನ್ನು ಕಲಿಸಬೇಕು. ಆದರೆ ನಕ್ಕು ಕಲಿಸಿದರೆ ಮಗು ಹೆದರಿ ‘ಅಕ್ಕಿ’ಯನ್ನೂ ‘ಹಕ್ಕಿ’ ಮಾಡುತ್ತದೆ.

ನಮ್ಮೂರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಡಾ. ಬೆಸಗರಹಳ್ಳಿ ರಾಮಣ್ಣನವರು ಓದಿದ್ದು ವೈದ್ಯಕೀಯ. ಆದರೂ ಕಥೆ ಬರೆಯುವಾಗ ನಮ್ಮ ಜನರ ಈ ಮಾತನ್ನು ಅವರು ಕೈಬಿಡಲಿಲ್ಲ. 1998ರಲ್ಲಿ ಅವರು ತೀರಿಕೊಂಡರು. ಅವರ ಕಥೆಗಳಲ್ಲಿ ನಮ್ಮ ಮಾತು ಉಳಿದಿದೆ.

ಮಾತಿನಂತೆಯೇ ಬಟ್ಟೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣವೊಂದರಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ಒಬ್ಬ ರೈತರನ್ನು ತಡೆದರು. ಜೊತೆಯ ಪ್ರಯಾಣಿಕರು ಗಟ್ಟಿಯಾಗಿ ಕೇಳಿದ ಮೇಲೆ ಬಿಟ್ಟರು. ಅದೇ ವರ್ಷ ಜುಲೈನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆ ಎಂದು ಮಾಲಿನ ಒಳಗೆ ಬಿಡಲಿಲ್ಲ. ಸುದ್ದಿ ಕೇಳಿ ನಮಗೆಲ್ಲ ಸಿಟ್ಟು ಬಂತು. ಬರಬೇಕಾದದ್ದೇ.

ಆದರೆ ನಾವೇನು ಕಡಿಮೆ? ಉತ್ತರ ಕರ್ನಾಟಕದವರು ಕಬ್ಬು ಕಡಿಯಲು ಬಂದು “ಹೌದ್ರಿ, ಬರ್ರಿ” ಅಂದರೆ ಅಣಕಿಸುತ್ತೇವೆ. ಅದೇ ನಮ್ಮ “ಏನ್ಲಾ, ಬಾರ್ಲಾ” ಕೇಳಿದ ಹೊರಗಿನವರು ಮಂಡ್ಯದವರು ಒರಟರು ಅಂದರೆ ನೊಂದುಕೊಳ್ಳುತ್ತೇವೆ. ಆ ಮಾತಿನಲ್ಲಿರುವ ಸಲಿಗೆ ಅವರಿಗೆ ಗೊತ್ತಾಗಲಿಲ್ಲ; ಅವರ ಮಾತಿನಲ್ಲಿರುವ ಮರ್ಯಾದೆ ನಮಗೆ ಗೊತ್ತಾಗಲಿಲ್ಲ.

ನಮ್ಮ ಡೈರಿಯನ್ನೇ ನೋಡಿ. ಕ್ಯಾನು ತಂದವರ ಮುಖ ನೋಡಿ ಹಾಲಿಗೆ ಬೆಲೆ ಕಟ್ಟೋದಿಲ್ಲ. ಅಳತೆ ಮಾಡಿ, ಸ್ಯಾಂಪಲ್ ತೆಗೆದು, ಫ್ಯಾಟು ನೋಡಿ ಬೆಲೆ ಹಾಕುತ್ತೇವೆ. ಷೇರು ಒಂದಿರಲಿ, ಹತ್ತಿರಲಿ, ಒಬ್ಬ ಸದಸ್ಯರಿಗೆ ಒಂದೇ ಓಟು. ಹಾಲಿಗೆ, ಓಟಿಗೆ ಇರುವ ಈ ನ್ಯಾಯ ಮಾತಿಗೂ ಇರಲಿ.

ಆಡಳಿತ ಮಂಡಳಿಯವರಲ್ಲಿ ನನ್ನದೊಂದೇ ಪ್ರಾರ್ಥನೆ. ಮುಂದಿನ ಮಹಾಸಭೆಯಲ್ಲಿ ಹಿಂದೆ ಕೂತ ಹೆಣ್ಣುಮಕ್ಕಳನ್ನು ಮೊದಲು ಮಾತಾಡಿಸಿ. ಅವರು ಯಾವ ಮಾತಿನಲ್ಲಿ ಕೇಳಿದರೂ ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಯಾರಾದರೂ ನಕ್ಕರೆ ಅಧ್ಯಕ್ಷರು ತಡೆಯಲಿ. ಆ ತಾಯಿ ಇಲ್ಲೇ ಕೂತಿದ್ದಾರೆ. ಅವ್ವಾ, ತಪ್ಪು ನನ್ನದು. ಮುಂದಿನ ಸಲ ನಿಮ್ಮ ಪ್ರಶ್ನೆ ನೀವೇ ಕೇಳಿ.

ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.