ಹಳೆಯ ಕಾರಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದವನ್ನು ನಾವು ಸಾಮಾನ್ಯವಾಗಿ ದೇವಾಲಯಗಳ ಮತ್ತು ಕೆರೆಗಳ ವಿಷಯದಲ್ಲಿ ಮಾತ್ರ ಉಪಯೋಗಿಸುವುದು ವಾಡಿಕೆ. ಮೋಟಾರು ಕಾರಿಗೆ ಅದನ್ನು ಅನ್ವಯಿಸಿದರೆ ಶ್ರೋತೃಗಳಲ್ಲಿ ಕೆಲವರು ನಕ್ಕಾರು. ಆದರೆ ಆ ಶಬ್ದದಲ್ಲಿ ಅಡಗಿರುವ ಪ್ರಶ್ನೆ ಎರಡು ಕಡೆಯಲ್ಲಿಯೂ ಒಂದೇ: ಶಿಥಿಲವಾದುದನ್ನು ಎತ್ತಿ ನಿಲ್ಲಿಸುವಾಗ ಹಳೆಯದರಲ್ಲಿ ಎಷ್ಟನ್ನು ಉಳಿಸಬೇಕು, ಹೊಸದನ್ನು ಎಷ್ಟು ಸೇರಿಸಬಹುದು? ಕಲ್ಲಿನ ಕಂಬಗಳಿಗೆ ಬಣ್ಣ ಬಳಿದು, ಮುಖಮಂಟಪವನ್ನು ಸಿಮೆಂಟಿನಲ್ಲಿ ಕಟ್ಟಿ, ನೆಲಕ್ಕೆ ಹೊಳೆಯುವ ಬಿಲ್ಲೆಗಳನ್ನು ಹಾಸಿ, ಅದನ್ನೇ ಜೀರ್ಣೋದ್ಧಾರವೆಂದು ಫಲಕದಲ್ಲಿ ಕೆತ್ತಿಸಿದ ಉದಾಹರಣೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಮೋಟಾರಿನ ವಿಷಯದಲ್ಲಿಯೂ ಅದೇ ಬಗೆಯ ಉತ್ಸಾಹವು ಅದೇ ಬಗೆಯ ಅನರ್ಥವನ್ನು ಮಾಡುತ್ತದೆ. ಬೂದಿಕೋಟೆಯ ಒಂದು ಮನೆಯ ಹಿತ್ತಿಲಲ್ಲಿ ನಡೆಯುತ್ತಿರುವ ಇಂಥ ಕೆಲಸವೊಂದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಬೂದಿಕೋಟೆಯು ಬಂಗಾರಪೇಟೆಗೆ ಸಮೀಪದ ಊರು. ಹೈದರಾಲಿಯ ಜನ್ಮಸ್ಥಳವೆಂದು ಚರಿತ್ರೆಯ ವಿದ್ಯಾರ್ಥಿಗಳು ಅದರ ಹೆಸರನ್ನು ಬಲ್ಲರು. ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯು ಈ ಶತಮಾನದ ಆದಿಯಲ್ಲಿ ಅಲ್ಲಿಯೇ ತಲೆಯೆತ್ತಿತಾದ್ದರಿಂದ ಬಾನುಲಿಯನ್ನು ಕೇಳುವವರೂ ಆ ಊರನ್ನು ಮರೆಯಲಾಗದು. ಅಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರು. ಅವರ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಎರಡು ಎಕರೆ ಖುಷ್ಕಿ, ಒಂದು ಹೆಂಚಿನ ಮನೆ, ಮತ್ತು ೧೯೮೪ರಲ್ಲಿ ಕೊಂಡ ಒಂದು ಡಾಲ್ಫಿನ್ ಕಾರು ಸೇರಿವೆ. ಕಾರು ಹುಣಿಸೆಯ ಮರದ ಕೆಳಗಿನ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ನಿಂತಿತ್ತು. ಕೋಳಿಗಳು ಅದರ ಹಿಂದಿನ ಪೀಠದ ಮೇಲೆ ಮೊಟ್ಟೆಯಿಡುತ್ತಿದ್ದುವು.

ಡಾಲ್ಫಿನ್ ಕಾರು ನಮ್ಮ ಬೆಂಗಳೂರಿನಲ್ಲಿಯೇ ತಯಾರಾದದ್ದೆಂಬುದು ಈಗಿನ ತರುಣರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ನಾನರಿಯೆ. ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದಲ್ಲಿ ರಿಲಯಂಟ್ ಎಂಬ ಕಂಪೆನಿಯವರು ೧೯೭೫ರಿಂದ ೧೯೮೨ರವರೆಗೆ ಕಿಟನ್ ಎಂಬ ಪುಟ್ಟ ಕಾರನ್ನು ಮಾಡುತ್ತಿದ್ದರು. ಅದರ ವಿನ್ಯಾಸವನ್ನು ಪಡೆದು ಸಿಪಾನಿ ಸಂಸ್ಥೆಯವರು ೧೯೮೨ರಲ್ಲಿ ಡಾಲ್ಫಿನ್ನನ್ನು ಹೊರತಂದರು. ಎರಡೇ ಬಾಗಿಲು, ಮೈಯೆಲ್ಲ ಗಾಜಿನ ನಾರು ಮತ್ತು ರೆಸಿನ್ ಸೇರಿಸಿ ಎರೆದ ಫೈಬರ್ ಗ್ಲಾಸು, ಕೆಳಗೆ ಉಕ್ಕಿನ ಚಾಸಿ. ೮೪೮ ಘನ ಸೆಂಟಿಮೀಟರಿನ ಇಂಜಿನು, ಅದೂ ಸಂಪೂರ್ಣವಾಗಿ ಅಲ್ಯೂಮಿನಿಯಮ್ಮಿನದು. ಮೂಲವಾದ ಕಿಟನ್ನಿನ ಶಕ್ತಿ ಸುಮಾರು ೪೦ ಅಶ್ವಬಲ, ತೂಕ ಸುಮಾರು ಅರ್ಧ ಟನ್ನು.

ಇದನ್ನು ಕ್ರೀಡೆಯ ಕಾರೆಂದು ಕರೆಯಬಹುದೇ ಎಂದು ಬಲ್ಲವರು ಕೇಳಬಹುದು. ಆಕಾರವನ್ನು ನೋಡಿದರೆ ಸಲ್ಲದು. ಅಂಥ ಕಾರೆಂದರೆ ತಗ್ಗಾದ ಮೈಯ ಎಂ.ಜಿ., ಟ್ರಯಂಫ್ ಮೊದಲಾದುವೇ ನಮ್ಮ ಕಣ್ಣಿಗೆ ಕಟ್ಟುವುವು. ಆದರೆ ೧೯೮೦ರ ದಶಕದ ಆರಂಭದಲ್ಲಿ ನಮ್ಮ ದೇಶದ ಬೀದಿಗಳಲ್ಲಿ ಓಡುತ್ತಿದ್ದುವೆಂದರೆ ಬಹುಪಾಲು ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳು. ಎರಡೂ ೧೯೫೦ರ ದಶಕದ ಪರದೇಶಿ ಕಾರುಗಳಿಂದ ಇಳಿದುಬಂದ ಭಾರವಾದ ಗಾಡಿಗಳು. ಆ ಗುಂಪಿನಲ್ಲಿ ಈ ಹಗುರವಾದ, ಹಿಂದಿನ ಚಕ್ರಗಳಿಂದ ತಳ್ಳಿಸಿಕೊಂಡು ಹೋಗುವ, ಅಷ್ಟಗಲದಲ್ಲಿ ತಿರುಗಿ ನಿಲ್ಲುವ ಕಾರು ಜಿಂಕೆಯಂತೆ ಕಂಡಿತು. ರ‍್ಯಾಲಿಯವರೂ ಷೋಳಾವರಂ ಓಟದವರೂ ಅದನ್ನು ಬಿಡದೆ ಹಿಡಿದುಕೊಂಡರು. ಕ್ರೀಡೆಗೆಂದು ಹುಟ್ಟದೆ ಕ್ರೀಡೆಯಲ್ಲಿ ಹೆಸರು ಮಾಡಿದ ಕಾರು ಇದು. ಸಂಸಾರಸ್ಥರಿಗೆ ಮಾತ್ರ ಒಗ್ಗಲಿಲ್ಲ. ‘ಪ್ಲಾಸ್ಟಿಕ್ ಕಾರು’ ಎಂಬ ಹೀಯಾಳಿಕೆ, ಎರಡೇ ಬಾಗಿಲೆಂಬ ಕೊರತೆ, ಸಾಲದುದಕ್ಕೆ ೧೯೮೩ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ಮುಂದೆ ಅದೇ ಸಂಸ್ಥೆಯವರು ನಾಲ್ಕು ಬಾಗಿಲಿನ ಮೊಂಟಾನವನ್ನು ಮಾಡಿದರೂ ಹೋದ ಗಿರಾಕಿಗಳು ಮರಳಲಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಫೈಬರ್ ಗ್ಲಾಸಿನ ಕಾರು ತುಕ್ಕು ಹಿಡಿಯುವುದಿಲ್ಲವೆಂಬುದು ಅರ್ಧ ಸತ್ಯ. ಅರ್ಧ ಸತ್ಯವಾದ್ದರಿಂದಲೇ ಅಪಾಯಕರ. ಮೈಯು ತುಕ್ಕು ಹಿಡಿಯದೆ ನುಣ್ಣಗೆ ಕಾಣುತ್ತಿರುವಾಗ ಅದರ ಮರೆಯಲ್ಲಿ ಚಾಸಿಯು ಸದ್ದಿಲ್ಲದೆ ಕೊಳೆಯುತ್ತಿರುತ್ತದೆ. ಇವೆರಡೂ ಸೇರುವ ಎಡೆಯಲ್ಲಿ ಧೂಳು ಸೇರಿ, ಧೂಳಿನಲ್ಲಿ ತೇವ ನಿಂತು, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಆದ್ದರಿಂದ ಬಣ್ಣ ಬಳಿಯುವ ಯೋಚನೆಯನ್ನು ಕಟ್ಟಿಟ್ಟು, ಮೊದಲು ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋಗಬೇಕು. ಒಳ್ಳೆಯ ಉಕ್ಕು ಗಂಟೆಯಂತೆ ನುಡಿಯುತ್ತದೆ. ಕೆಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಮಂಕಾದ ಕಡೆ ತಿರುಪುಳಿಯಿಂದ ಚುಚ್ಚಿ ನೋಡಬೇಕು. ನನ್ನ ಸ್ನೇಹಿತರ ಕಾರಿನಲ್ಲಿ ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನು ಹಿಡಿಯುವ ಎಡೆಯಲ್ಲಿ ತಿರುಪುಳಿಯು ಈ ಕಡೆಯಿಂದ ಆ ಕಡೆಗೆ ಹೋಯಿತು. ಮೈಯನ್ನು ಬೋಲ್ಟು ಬಿಚ್ಚಿ ಎತ್ತಲು ಆರು ಮಂದಿ ಸಾಕಾದರು. ಅದು ಇಂಥ ಕಾರಿನ ಒಂದು ಅನುಕೂಲ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವುದಕ್ಕೆ ಎರಡು ಬೇಸಿಗೆ ರಜೆ ಹಿಡಿಯಿತು.

ಮೈಯ ಮೇಲಿನ ಬಿರುಕುಗಳನ್ನು ಹೊರಗಿನಿಂದ ತೇಪೆ ಹಾಕಿ ಮುಚ್ಚುವುದು ಪ್ರಯೋಜನವಿಲ್ಲ. ಒಳಗಡೆ ಉಜ್ಜಿ, ಗಾಜಿನ ನಾರಿನ ಚಾಪೆಯನ್ನು ಇಟ್ಟು, ರೆಸಿನ್ನನ್ನು ಪದರ ಪದರವಾಗಿ ಹಚ್ಚಬೇಕು. ಕೋಲಾರ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ರೆಸಿನ್ ಬಟ್ಟಲಿನಲ್ಲಿಯೇ ಗಟ್ಟಿಯಾಗಿಬಿಡುವುದರಿಂದ ಈ ಕೆಲಸಕ್ಕೆ ಬೆಳಗಿನ ಜಾವವೇ ಯೋಗ್ಯ. ನಾರಿನ ಧೂಳು ಶ್ವಾಸಕೋಶಕ್ಕೆ ಹೋಗದಂತೆ ಮೂಗಿಗೆ ಮುಸುಕು ಕಟ್ಟಿಕೊಳ್ಳದವರು ಈ ಕೆಲಸಕ್ಕೆ ಕೈಹಾಕಬಾರದು.

ಇನ್ನೊಂದು ಸೂಕ್ಷ್ಮವಿದೆ. ಲೋಹದ ಕಾರಿನಲ್ಲಿ ದೀಪಗಳಿಗೆ ಒಂದೇ ತಂತಿ ಸಾಕು, ವಿದ್ಯುತ್ತು ಕಾರಿನ ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಫೈಬರ್ ಗ್ಲಾಸಿನಲ್ಲಿ ವಿದ್ಯುತ್ತು ಹರಿಯದಷ್ಟೆ. ಆದ್ದರಿಂದ ಪ್ರತಿಯೊಂದು ದೀಪಕ್ಕೂ ಅರ್ತಿಂಗಿನ ತಂತಿಯನ್ನು ಬೇರೆಯಾಗಿ ಎಳೆದು ಚಾಸಿಗೆ ಕೂಡಿಸಬೇಕು. ಎಡಕ್ಕೆ ತಿರುಗುವ ದೀಪ ಹಾಕಿದರೆ ಹಿಂದಿನ ಕೆಂಪುದೀಪವೂ ಮಿಣುಕುವ ವಿನೋದಗಳೆಲ್ಲ ಇಂಥ ಒಂದು ತಂತಿ ಸಡಿಲವಾದುದರ ಫಲ.

ಇಂಜಿನಿನ ಕಥೆ ನೀರಿನ ಕಥೆ. ಅದರ ಸಿಲಿಂಡರುಗಳ ಲೈನರುಗಳಿಗೆ ತಂಪುನೀರು ನೇರವಾಗಿ ತಾಗುತ್ತದೆ, ಸುತ್ತಲೂ ಅಲ್ಯೂಮಿನಿಯಂ. ಸಾವಿರ ಅಡಿಗೂ ಆಳದ ಕೊಳವೆಬಾವಿಯ ಗಡಸುನೀರನ್ನು ರೇಡಿಯೇಟರಿಗೆ ಸುರಿದು ಓಡಿಸಿದರೆ ಕಾಫಿಯ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹೆಕ್ಕಳೆಯೇ ಅಲ್ಲಿಯೂ ಕಟ್ಟುತ್ತದೆ. ಶಾಖವು ಹೊರಕ್ಕೆ ಹೋಗಲಾರದೆ ಸಿಲಿಂಡರಿನ ತಲೆ ಸೊಟ್ಟಗಾಗುತ್ತದೆ. ಬಟ್ಟಿಯಿಳಿಸಿದ ನೀರು, ಅದರೊಡನೆ ಸವೆತವನ್ನು ತಡೆಯುವ ಕೂಲೆಂಟು, ಇವೆರಡನ್ನು ಬಿಟ್ಟು ಬೇರೇನನ್ನೂ ಹಾಕತಕ್ಕದ್ದಲ್ಲ. ಪೆಟ್ರೋಲಿನ ವಿಷಯದಲ್ಲಿಯೂ ಕಾಲ ಬದಲಾಗಿದೆ. ೨೦೨೫ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡ ೨೦ ಭಾಗ ಎಥನಾಲ್ ಬೆರೆಯಿತು. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ೧೯೮೪ರ ರಬ್ಬರು ಕೊಳವೆಗಳನ್ನು ‘ಮೂಲದ್ದು’ ಎಂಬ ಅಭಿಮಾನದಿಂದ ಉಳಿಸಿಕೊಳ್ಳುವವನು ಕಾರಿಗೆ ಬೆಂಕಿಯನ್ನು ಆಹ್ವಾನಿಸುತ್ತಾನೆ. ಇಲ್ಲಿ ಹೊಸದನ್ನು ಹಾಕುವುದೇ ಧರ್ಮ.

ಹಾಗಾದರೆ ಇಂಜಿನನ್ನೇ ಬದಲಾಯಿಸಿಬಿಟ್ಟರೆ? ಬೆಂಗಳೂರಿನಲ್ಲಿರುವ ನನ್ನ ಸ್ನೇಹಿತರ ಭಾವಮೈದುನನ ಆಗ್ರಹ ಇದೇ. ‘ಈ ಮುದಿ ಇಂಜಿನಿನೊಡನೆ ಏಕೆ ಒದ್ದಾಡುತ್ತೀರಿ ಭಾವ? ಸುಜುಕಿಯ ಇಂಜಿನು ಗುಜರಿಯಲ್ಲಿ ಸಿಕ್ಕುತ್ತದೆ, ಶಕ್ತಿ ಒಂದೂವರೆಯಷ್ಟಾಗುತ್ತದೆ’ ಎಂದು ಅವನು ಪ್ರತಿ ಹಬ್ಬಕ್ಕೂ ಬಂದು ಹೇಳಿಹೋಗುತ್ತಾನೆ. ಮಾತು ಆಕರ್ಷಕವಾದದ್ದೇ. ಆದರೆ ಒಂದನ್ನು ಬದಲಿಸಿದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಇಂಜಿನು ಬದಲಾದರೆ ಅದನ್ನು ಹೊರುವ ಆಧಾರಗಳು ಬದಲಾಗಬೇಕು. ಗೇರುಪೆಟ್ಟಿಗೆ ಬೇರೆಯಾದರೆ ಹಿಂದಿನ ಚಕ್ರಗಳಿಗೆ ಹೋಗುವ ದಂಡದ ಉದ್ದ ಬೇರೆ. ಶಾಖ ಹೆಚ್ಚಿದರೆ ರೇಡಿಯೇಟರು ದೊಡ್ಡದಾಗಬೇಕು. ವೇಗ ಹೆಚ್ಚಿದರೆ ೪೦ ಅಶ್ವಬಲಕ್ಕೆಂದು ಮಾಡಿದ ಡ್ರಮ್ಮು ಬ್ರೇಕುಗಳು ಸಾಲವು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮೂ ಇದೆ. ನೋಂದಣಿ ಅಧಿಕಾರಿಯ ಅನುಮತಿಯಿಲ್ಲದೆ ಇಂಜಿನನ್ನು ಬದಲಾಯಿಸುವಂತಿಲ್ಲ. ಹದಿನೈದು ವರ್ಷ ಕಳೆದ ಖಾಸಗಿ ಕಾರನ್ನು ಐದೈದು ವರ್ಷಗಳಿಗೊಮ್ಮೆ ತಪಾಸಣೆಗೆ ಒಪ್ಪಿಸಬೇಕಾಗಿರುವುದರಿಂದ ಗುಟ್ಟಾಗಿ ಮಾಡಿದ್ದು ಗುಟ್ಟಾಗಿ ಉಳಿಯಲಾರದು. ೨೦೨೧ರಲ್ಲಿ ಸರ್ಕಾರದವರು ಪ್ರಾಚೀನ ವಾಹನಗಳಿಗೆಂದು ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಮಾಡಿದ್ದಾರೆ. ಐವತ್ತು ವರ್ಷ ಮೀರಿ, ಮೂಲರೂಪದಲ್ಲಿಯೇ ಉಳಿದ ಗಾಡಿಗೆ ಮಾತ್ರ ಆ ಗೌರವ. ಈ ಕಾರಿಗೆ ಐವತ್ತು ತುಂಬುವುದು ೨೦೩೪ರಲ್ಲಿ. ಸುಜುಕಿಯ ಹೃದಯವಿಟ್ಟುಕೊಂಡು ಅದು ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲಾರದು.

ಕಾಯಿದೆಗಿಂತಲೂ ತೂಕವಾದ ಮಾತನ್ನು ಹೇಳಿದವರು ಒಬ್ಬ ಮೇಸ್ತ್ರಿಗಳು. ರಾಬರ್ಟ್‌ಸನ್‌ಪೇಟೆಯವರು, ವಯಸ್ಸು ಎಪ್ಪತ್ತನ್ನು ಮೀರಿದೆ. ಚಿನ್ನದ ಗಣಿಯ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಕೆಲಸ ಕಲಿತವರು. ಆ ಗಣಿಗಳ ಮಾತು ಶ್ರೋತೃಗಳಿಗೆ ತಿಳಿದೇ ಇದೆ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿ, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದು, ಮೂರು ಸಾವಿರ ಮೀಟರಿಗಿಂತಲೂ ಕೆಳಕ್ಕೆ ಇಳಿದ ಆ ಉದ್ಯಮವು ೨೦೦೧ರ ಫೆಬ್ರುವರಿ ೨೮ರಂದು ನಿಂತುಹೋಯಿತು. ಚಿನ್ನ ಹೋದದ್ದನ್ನು ಕುರಿತು ಬರೆದವರು ಬಹಳ ಮಂದಿ. ಆ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡ ಟರ್ನರು ಫಿಟ್ಟರುಗಳು ಎಲ್ಲಿಗೆ ಹೋದರೆಂದು ಕೇಳಿದವರು ಕಡಿಮೆ. ಅವರ ಮಕ್ಕಳು ಈಗ ಮಾರಿಕುಪ್ಪದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಮೇಸ್ತ್ರಿಗಳ ಮನೆಮಾತು ತಮಿಳು. ಕನ್ನಡವನ್ನು ನಿಧಾನವಾಗಿ ಆಡುತ್ತಾರೆ. ಭಾವಮೈದುನನ ಸಲಹೆಯನ್ನು ಅವರ ಮುಂದಿಟ್ಟಾಗ ಅವರು ಹೇಳಿದ್ದು ಇಷ್ಟೇ: ‘ಹಾಕಬಹುದು ಸಾರ್. ಮೊದಲು ಬ್ರೇಕು ಬಿಚ್ಚೋಣ.’ ಗಣಿಯಲ್ಲಿ ಜನರನ್ನು ತುಂಬಿದ ಪಂಜರವನ್ನು ಇಳಿಸುವ ಮುನ್ನ ಅದನ್ನು ಎತ್ತಿಳಿಸುವ ಯಂತ್ರದ ಬ್ರೇಕನ್ನು ಪರೀಕ್ಷಿಸುವುದು ಅವರ ಕಾಲದ ಕಟ್ಟಳೆ. ಓಡುವುದರ ವಿಚಾರ ನಿಲ್ಲುವುದರ ವಿಚಾರ ಮುಗಿದ ಮೇಲೆ. ಬಿಚ್ಚಿ ನೋಡಿದರೆ ಚಕ್ರದ ಬ್ರೇಕು ಸಿಲಿಂಡರುಗಳ ಒಳಮೈ ತುಕ್ಕಿನಿಂದ ಗುಳಿಬಿದ್ದಿತ್ತು. ಬದಲಿಗೆ ಹೊಸವು ಅಂಗಡಿಗಳಲ್ಲಿ ದೊರೆಯಲಿಲ್ಲ. ಮೇಸ್ತ್ರಿಗಳು ಅವುಗಳ ರಂಧ್ರವನ್ನು ಲೇತಿನಲ್ಲಿ ಅಗಲಿಸಿ, ತುಕ್ಕುಹಿಡಿಯದ ಉಕ್ಕಿನ ತೆಳುವಾದ ಕೊಳವೆಗಳನ್ನು ಒಳಕ್ಕೆ ಕೂರಿಸಿ, ಹಳೆಯ ಅಳತೆಗೇ ತಂದರು. ಮಿಲಿಮೀಟರಿನ ನೂರರ ಭಾಗಗಳಲ್ಲಿ ನೋಡಬೇಕಾದ ಕೆಲಸ. ಅವರು ಈಗಲೂ ಅಂಗುಲದ ಸಾವಿರದ ಭಾಗಗಳಲ್ಲಿಯೇ ಎಣಿಸುತ್ತಾರೆ.

ಇದನ್ನು ನೋಡಿದ ಮೇಲೆ ನನ್ನ ಸ್ನೇಹಿತರು ಒಂದು ನಿಯಮವನ್ನು ಮಾಡಿಕೊಂಡರು. ನನಗೂ ಅದು ಸರಿಯೆನ್ನಿಸುತ್ತದೆ. ಪ್ರಾಣಕ್ಕೆ ಸಂಬಂಧಿಸಿದ ಎಡೆಗಳಲ್ಲಿ ಈ ಕಾಲದ ವಿದ್ಯೆಯನ್ನು ಸಂಕೋಚವಿಲ್ಲದೆ ಸೇರಿಸುವುದು: ಹೊಸ ಬ್ರೇಕು ಕೊಳವೆಗಳು, ಫ್ಯೂಸುಗಳನ್ನು ಕೂಡಿಸಿದ ಹೊಸ ತಂತಿಗಳು, ಮತ್ತು ಸೀಟ್ ಬೆಲ್ಟು. ಅದನ್ನು ಫೈಬರ್ ಗ್ಲಾಸಿಗೆ ಬಿಗಿದರೆ ಅಪಘಾತದ ಸೆಳೆತಕ್ಕೆ ಕಿತ್ತುಬರುವುದರಿಂದ ಉಕ್ಕಿನ ಪಟ್ಟಿಯಿಟ್ಟು ಚಾಸಿಗೇ ಕಟ್ಟಬೇಕು. ಕಿಡಿ ಹೊತ್ತಿಸುವ ಪಾಯಿಂಟುಗಳಿಗೆ ಬದಲಾಗಿ ವಿದ್ಯುನ್ಮಾನದ ಪುಟ್ಟ ಉಪಕರಣವೊಂದನ್ನು ಡಿಸ್ಟ್ರಿಬ್ಯೂಟರಿನೊಳಗೆ ಅಡಗಿಸಬಹುದು. ಬೇಡವೆನಿಸಿದರೆ ಹತ್ತು ನಿಮಿಷದಲ್ಲಿ ತೆಗೆಯಲೂಬಹುದು. ಹಿಂದಕ್ಕೆ ತೆಗೆಯಲಾಗದ ಬದಲಾವಣೆಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ. ಇಂಜಿನು ಅದೇ ಉಳಿಯಿತು. ಭಾವಮೈದುನನು ಮುನಿಸಿಕೊಂಡಿದ್ದಾನೆ.

ಈಚೆಗೆ ನಾನು ಹೋದಾಗ ಕಾರಿನ ಮೈಯನ್ನು ಚಾಸಿಯ ಮೇಲೆ ಇನ್ನೂ ಕೂರಿಸಿರಲಿಲ್ಲ. ಮೇಸ್ತ್ರಿಗಳ ಬಲಗಣ್ಣಿಗೆ ಪೊರೆ ಬಂದಿದೆ; ಲೇತಿನ ಮುಂದೆ ಬಹಳ ಹೊತ್ತು ನಿಲ್ಲಲಾರರು. ಅವರ ಬಳಿ ರಟ್ಟಿನ ಹೊದಿಕೆಯ ಒಂದು ಲೆಕ್ಕದ ಪುಸ್ತಕವಿದೆ. ಮಾಡಿದ ಪ್ರತಿಯೊಂದು ಬುಷ್ಷಿನ, ದಂಡದ, ಕೊಳವೆಯ ಅಳತೆಯೂ ಅದರಲ್ಲಿ ತಮಿಳಿನಲ್ಲಿದೆ. ಯಾವ ಲೋಹ, ಎಷ್ಟು ಬಿಗಿ ಎಂಬುದು ಕೆಲವು ಕಡೆ ಅವರಿಗೆ ಮಾತ್ರ ಅರ್ಥವಾಗುವ ಗುರುತುಗಳಲ್ಲಿದೆ. ನನ್ನ ಸ್ನೇಹಿತರು ಭಾನುವಾರಗಳಲ್ಲಿ ಕಾರಿನ ಕೆಲಸವನ್ನು ನಿಲ್ಲಿಸಿ, ರಾಬರ್ಟ್‌ಸನ್‌ಪೇಟೆಗೆ ಹೋಗಿ ಅವರ ಪಕ್ಕದಲ್ಲಿ ಕುಳಿತು, ಆ ಗುರುತುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಇದುವರೆಗೆ ನಲವತ್ತು ಪುಟಗಳಾಗಿವೆ. ಇನ್ನು ಅರುವತ್ತು ಉಳಿದಿವೆ.