ಹಿತ್ತಲಿಗೆ ಮಳೆ ಬಂತು

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಯುಗಾದಿ ಕಳೆಯಿತು. ಬೇವು ಹೂ ಬಿಟ್ಟಿತು. ಹೊಂಗೆ ಚಿಗುರಿತು. ಇದು ವಸಂತ ಕಾಲ. ಚೈತ್ರ, ವೈಶಾಖ ಎರಡು ತಿಂಗಳು ವಸಂತ. ಪುಸ್ತಕದಲ್ಲಿ ವಸಂತ ಎಂದರೆ ಕೋಗಿಲೆ, ಮಾವಿನ ಚಿಗುರು. ನಮಗೆ ವಸಂತ ಎಂದರೆ ಬಿಸಿಲು, ಧೂಳು, ಕೊಡ ಹಿಡಿದು ನಲ್ಲಿ ಮುಂದೆ ಕಾಯುವುದು.

ಈ ಸಲ ಹಾಗಾಗಲಿಲ್ಲ. ಅಶ್ವಿನಿ ಮಳೆಯೂ ಬಂತು, ಭರಣಿ ಮಳೆಯೂ ಬಂತು. ಮಧ್ಯಾಹ್ನ ಮೂರು ಗಂಟೆಗೆ ಮೋಡ ಕಟ್ಟುತ್ತದೆ. ಗುಡುಗುತ್ತದೆ. ಸಂಜೆಗೆ ಸುರಿಯುತ್ತದೆ. ಒಲೆಯ ಸೌದೆ ಒದ್ದೆ. ಒಣಗಲು ಹಾಕಿದ ಸಂಡಿಗೆಯೂ ಒದ್ದೆ. ನಮ್ಮ ಕೇಂದ್ರಕ್ಕೆ ಹತ್ತು ಜನ ಬರುವ ಕಡೆ ಐದು ಜನ ಬಂದರು. ಆದರೂ ಯಾರೂ ಮಳೆಯನ್ನು ಬೈಯಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದ್ದಾರಲ್ಲ.

ಭರಣಿ ಮಳೆ ಏಪ್ರಿಲ್ ಕೊನೆಗೆ ಶುರುವಾಗುತ್ತದೆ. ಮೇ 10ರ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಕೃತ್ತಿಕೆ. ಮೇ 25ರ ಹೊತ್ತಿಗೆ ರೋಹಿಣಿ. ಮುಂಗಾರು ಬರುವುದು ಜೂನ್ ತಿಂಗಳಲ್ಲಿ. ಈಗ ಬಂದಿರುವುದು ಅದಕ್ಕೂ ಮುಂಚಿನ ಮಳೆ. ಇದನ್ನು ಮಾವಿನ ಮಳೆ ಎನ್ನುತ್ತಾರೆ. ಆಲೂರು, ಸಕಲೇಶಪುರದ ಕಡೆ ಕಾಫಿ ತೋಟದ ಕೂಲಿಗೆ ಹೋಗುವವರು ನಿಮ್ಮಲ್ಲೂ ಇದ್ದೀರಿ. ಅಲ್ಲಿ ಇನ್ನೂ ಸ್ವಲ್ಪ ಮುಂಚೆ ಬೀಳುವ ಮಳೆಗೆ ಹೂ ಮಳೆ ಎನ್ನುತ್ತಾರೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬೆಳ್ಳಗಾಗುತ್ತದೆ.

ಈ ಮಳೆ ಹೊಲಕ್ಕೆ ಸಾಲದೆ ಇರಬಹುದು. ಹಿತ್ತಲಿಗೆ ಸಾಕು. ಇವತ್ತು ಹಿತ್ತಲಿನ ಮಾತು ಆಡೋಣ.

ಹೊಲದ ಪಹಣಿಯಲ್ಲಿ ಹೆಚ್ಚಾಗಿ ಗಂಡಸರ ಹೆಸರೇ ಇರುತ್ತದೆ. ಏನು ಬಿತ್ತಬೇಕು, ಯಾರಿಗೆ ಮಾರಬೇಕು ಎಂದು ಅವರೇ ಹೇಳುತ್ತಾರೆ. ಕಳೆ ಕೀಳುವವರು ಯಾರು ಎಂದು ಮಾತ್ರ ಕೇಳಬೇಡಿ! ಹಿತ್ತಲಲ್ಲಿ ಏನು ನೆಡಬೇಕು ಎಂದು ನಾವು ಯಾರನ್ನೂ ಕೇಳುವುದಿಲ್ಲ. ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ, ನಾಲ್ಕು ಕೆಸು. ಬೇಲಿಗೆ ತೊಂಡೆ ಬಳ್ಳಿ. ಗೋಡೆ ಪಕ್ಕ ದೊಡ್ಡಪತ್ರೆ. ಮೂಲೆಯಲ್ಲಿ ಕರಿಬೇವು. ಹಿತ್ತಲೇ ಇಲ್ಲದ ಮನೆಗಳೂ ನಮ್ಮ ಊರಲ್ಲಿ ಇವೆ. ಕಾಲೋನಿಯ ಮನೆಗಳ ಹಿಂದೆ ಎರಡು ಮೊಳ ಜಾಗ ಅಷ್ಟೆ. ಆ ಅಕ್ಕಂದಿರು ಒಡೆದ ಬಿಂದಿಗೆ, ಸಿಮೆಂಟ್ ಚೀಲ, ಎಣ್ಣೆ ಡಬ್ಬಗಳಲ್ಲಿ ಗಿಡ ಬೆಳೆಸಿದ್ದಾರೆ. ಅದೂ ಹಿತ್ತಲೇ. ಡಬ್ಬದ ತಳಕ್ಕೆ ತೂತು ಮಾಡಿ, ನೀರು ಹರಿದುಹೋಗಲಿ. ಖಾಲಿ ಡಬ್ಬ, ತೆಂಗಿನ ಚಿಪ್ಪು ಇದ್ದರೆ ಬೋರಲು ಹಾಕಿ. ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತದೆ.

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಏನು ಕಾಣುತ್ತದೆ? ಮಣ್ಣು ಕಪ್ಪಾಗಿದೆ. ಎರೆಹುಳು ಅಲ್ಲಲ್ಲಿ ಮಣ್ಣು ಉಗುಳಿದೆ. ಮೂರು ನಾಲ್ಕು ದಿನ ಬಿಟ್ಟು ನೋಡಿ. ಸತ್ತೇ ಹೋಯಿತು ಎಂದುಕೊಂಡಿದ್ದ ಸಣ್ಣ ಗೆಡ್ಡೆಯಿಂದ ಗುಲಾಬಿ ಬಣ್ಣದ ಹೂ ಎದ್ದಿರುತ್ತದೆ. ನಾವು ಅದಕ್ಕೆ ಮಳೆ ಹೂ ಎನ್ನುತ್ತೇವೆ. ಅರಿಶಿನ, ಶುಂಠಿ ಮೂತಿ ಹೊರಗೆ ಹಾಕುತ್ತವೆ. ಡೇರೆ ಗೆಡ್ಡೆ ಮೊಳೆಯುತ್ತದೆ. ಹೋದ ವರ್ಷ ಉದುರಿದ ದಂಟಿನ ಬೀಜ, ಪಾತ್ರೆ ತೊಳೆದ ನೀರಿನ ಜೊತೆ ಹೋದ ಟೊಮೆಟೊ ಬೀಜ ತಾವಾಗಿ ಹುಟ್ಟುತ್ತವೆ. ನೋಡುತ್ತಾ ನಿಂತುಬಿಡುತ್ತೇವೆ. ಅಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತದೆ.

"ಏನೇ, ಹಾಲು ಉಕ್ಕೋಯ್ತು! ಎಲ್ಲಿ ಹೋದೆ?"

"ಇಲ್ಲೇ ಹಿತ್ತಲಲ್ಲಿ ಇದೀನಿ."

ಐದು ನಿಮಿಷ ಅಷ್ಟೆ. ಬೆಳಗಾದರೆ ರಾತ್ರಿವರೆಗೆ ದುಡಿಯುವ ನಮಗೆ ಅಂಥ ಐದು ನಿಮಿಷ ಬೇರೆ ಎಲ್ಲಿ ಸಿಗುತ್ತದೆ ಹೇಳಿ?

ಮಳೆ ಬಂದ ಮೇಲೆ ಬೇಲಿಯ ಆಚೆ ಈಚೆ ಮಾತೂ ಶುರುವಾಗುತ್ತದೆ.

"ಅಕ್ಕ, ನಿಮ್ಮ ಬಸಳೆ ಚೆನ್ನಾಗಿ ಬಂದದೆ. ಒಂದು ಬಳ್ಳಿ ಕೊಡ್ತೀರಾ?"

"ಅದಕ್ಕೇನವ್ವ, ಕಿತ್ಕೊಂಡು ಹೋಗು. ನಿನ್ನ ಹತ್ರ ಹೀರೆ ಬೀಜ ಇದ್ರೆ ಕೊಡು. ನಮ್ದು ಇಲಿ ತಿಂದ್ಬಿಡ್ತು."

ದುಡ್ಡಿಲ್ಲ, ಕಾಸಿಲ್ಲ, ವ್ಯಾಪಾರ ಮುಗಿಯಿತು. ಕೆಲವರು ಕೇಳುವುದೂ ಇಲ್ಲ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ನಮ್ಮಲ್ಲಿದೆ. ಕದಿಯುವವರೇ ಕಟ್ಟಿದ ಮಾತಿರಬೇಕು.

ಬಸಳೆಗೆ ಎರಡು ಮೂರು ಗಿಣ್ಣು ಇರುವ ತುಂಡು ಸಾಕು. ಒಂದು ಗಿಣ್ಣು ಮಣ್ಣಿನ ಒಳಗೆ ಇರಬೇಕು. ನುಗ್ಗೆಗೆ ಬೀಜ ಬೇಕಿಲ್ಲ. ಮೂರು ನಾಲ್ಕು ಅಡಿ ಉದ್ದದ ಬಲಿತ ಕೊಂಬೆ ತನ್ನಿ. ಒಂದು ಅಡಿ ಆಳಕ್ಕೆ ನೆಡಿ. ತುದಿ ಒಣಗದಂತೆ ಸಗಣಿ ಮೆತ್ತಿ. ನೀರು ನಿಲ್ಲುವ ಕಡೆ ಮಾತ್ರ ನುಗ್ಗೆ ಬೇಡ, ಬುಡ ಕೊಳೆಯುತ್ತದೆ. ದಾಸವಾಳದ ಕಡ್ಡಿಯೂ ಈ ಮಳೆಗೆ ಬೇರು ಬಿಡುತ್ತದೆ.

ಈಗ ಒಂದು ಕಷ್ಟದ ಮಾತು. ಹೋದ ವರ್ಷ ಊರಿನ ಮೇಲಿನ ಬೀದಿಯಲ್ಲಿ ಬದನೆ ಸಸಿ ಎಲ್ಲ ಸತ್ತು ಹೋಯಿತು. ಕಾಲೋನಿಯ ಒಬ್ಬ ಅಕ್ಕನ ಹತ್ತಿರ ಒಳ್ಳೆಯ ನಾಟಿ ಬದನೆ ಸಸಿ ಇತ್ತು. ಹತ್ತು ಹನ್ನೆರಡು ಮನೆಯವರು ಹೋಗಿ ತಂದರು. ಆಕೆ ಒಂದು ಮಾತೂ ಆಡದೆ ಕಿತ್ತು ಕೊಟ್ಟಳು. ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡಿಯಿರಿ ಎಂದಳು. ಸಸಿ ತೆಗೆದುಕೊಂಡವರಲ್ಲಿ ನೀರು ಕುಡಿದವರು ಇಬ್ಬರೇ. ಆ ಬದನೆಕಾಯಿಯ ಎಣ್ಣೆಗಾಯಿ ಮಾತ್ರ ಹನ್ನೆರಡು ಮನೆಯಲ್ಲೂ ಆಯಿತು. ಈ ವಿಷಯ ನಮ್ಮ ಕೇಂದ್ರದಲ್ಲಿ ಮಾತಿಗೆ ಬಂತು. ಕೆಲವರು ತಲೆ ತಗ್ಗಿಸಿದರು. ಕೆಲವರಿಗೆ ಸಿಟ್ಟು ಬಂತು. ಎರಡು ದಿನ ಒಬ್ಬಿಬ್ಬರು ಬರಲಿಲ್ಲ, ಮೂರನೆಯ ದಿನ ಬಂದರು. ಈಗ ಇಲ್ಲಿ ಎಲ್ಲರಿಗೂ ಒಂದೇ ಕೊಡ, ಒಂದೇ ಲೋಟ. ಮನೆಗಳಲ್ಲಿ ಇನ್ನೂ ಹಾಗಾಗಿಲ್ಲ. ಆಗಬೇಕು. ಈ ವರ್ಷ ಸಸಿ ತರಲು ಹೋದಾಗ ಎಷ್ಟು ಜನ ನೀರು ಕುಡಿಯುತ್ತೀರೋ ನೋಡೋಣ.

ಕೊಡುವುದು ತರುವುದು ಊರಿನ ಒಳಗೇ ನಿಲ್ಲುವುದಿಲ್ಲ. ಪರಂಗಿ ಹಣ್ಣಿಗೆ ಪರಂಗಿ ಎಂದು ಏಕೆ ಹೆಸರು ಬಂತು? ಪರಂಗಿ ಎಂದರೆ ಸಮುದ್ರ ದಾಟಿ ಬಂದ ಬಿಳಿಯ ಜನ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಹಡಗಿನಲ್ಲಿ ಬಂದರು. ಆಮೇಲಿನ ಕಾಲದಲ್ಲಿ ಪರಂಗಿ, ಮೆಣಸಿನಕಾಯಿ, ಸೀಬೆ, ಟೊಮೆಟೊ ಎಲ್ಲ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದವು. ಡೇರೆ ಹೂವಿನ ತವರು ಮೆಕ್ಸಿಕೋ ದೇಶ. ಮೆಣಸಿನಕಾಯಿ ಇಲ್ಲದ ಸಾರನ್ನು ಈಗ ನೆನೆಸಿಕೊಳ್ಳಲೂ ಆಗುವುದಿಲ್ಲ. ಯಾರೋ ಒಬ್ಬಳು ಮೊದಲ ಸಲ ಪಕ್ಕದ ಮನೆಯವಳಿಗೆ ನಾಲ್ಕು ಬೀಜ ಕೊಟ್ಟಿರಬೇಕು. "ಖಾರ ಇರ್ತದೆ, ನೋಡ್ಕೊಂಡು ಹಾಕು" ಎಂದಿರಬೇಕು.

ಬೀಜದ ಮಾತಿಗೆ ಬರೋಣ. ನಮ್ಮ ಅಜ್ಜಿಯರು ಕುಂಬಳ, ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ಹೀರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಒಲೆಯ ಮೇಲೆ ಹೊಗೆ ತಾಗುವಂತೆ ಕಟ್ಟುತ್ತಿದ್ದರು. ಬದನೆ ಬೀಜಕ್ಕೆ ಬೂದಿ ಬೆರೆಸುತ್ತಿದ್ದರು. ಹುಳ ಬೀಳುತ್ತಿರಲಿಲ್ಲ. ಯಾವ ಗಂಟಿನಲ್ಲಿ ಯಾವ ಬೀಜ ಎಂದು ಬಟ್ಟೆ ನೋಡಿ ಹೇಳುತ್ತಿದ್ದರು. ಹಸಿರು ಸೀರೆಯ ಚೂರಿನಲ್ಲಿ ಅವರೆ. ಕೆಂಪು ಚೂರಿನಲ್ಲಿ ಮೆಣಸಿನಕಾಯಿ. ಎಲ್ಲ ತಲೆಯಲ್ಲೇ ಇತ್ತು. ಅವರು ತೀರಿಕೊಂಡ ಮೇಲೆ ಗಂಟು ಉಳಿಯಿತು. ಅದರಲ್ಲಿ ಯಾವ ಬೀಜ, ಯಾವ ವರ್ಷದ್ದು ಎಂದು ಹೇಳುವವರು ಇಲ್ಲ. ಸೊಸೆಯರು ಬಿಚ್ಚಿ ನೋಡಿ ತಿಪ್ಪೆಗೆ ಸುರಿದರು. ಎಷ್ಟು ಒಳ್ಳೆಯ ತಳಿಗಳು ಹೀಗೆ ಹೋದವೋ!

ಈಗ ನಮಗೆ ಬರೆಯಲು ಬರುತ್ತದೆ. ಪೊಟ್ಟಣದ ಮೇಲೆ ಮೂರು ಸಂಗತಿ ಬರೆಯಿರಿ. ಬೀಜದ ಹೆಸರು. ತೆಗೆದ ತಿಂಗಳು, ವರ್ಷ. ಯಾರ ಮನೆಯಿಂದ ಬಂತು. ಒತ್ತಕ್ಷರ ತಪ್ಪಾದರೆ ಆಗಲಿ, ಬೀಜ ಕೋಪಿಸಿಕೊಳ್ಳುವುದಿಲ್ಲ.

ಕೊಡುವಾಗ ನಾಟಿಯೋ ಹೈಬ್ರಿಡ್ಡೋ ಎಂದೂ ಹೇಳಿ ಕೊಡಿ. ಅಂಗಡಿಯ ಹೈಬ್ರಿಡ್ ಬೀಜ ಮೊದಲ ಸಲ ಚೆನ್ನಾಗಿಯೇ ಬರುತ್ತದೆ. ಅದರ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ಒಂದು ಗಿಡ ಒಂದು ತರಹ, ಇನ್ನೊಂದು ಇನ್ನೊಂದು ತರಹ. ತಾಯಿ ಗಿಡದ ಗುಣ ಹಾಗೇ ಇಳಿಯುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಹೈಬ್ರಿಡ್ ಅಥವಾ ಎಫ್-1 ಎಂದು ಇದೆಯೇ ನೋಡಿ. ಇಂಗ್ಲಿಷಿನಲ್ಲಿ ಇದ್ದರೆ ಮಕ್ಕಳ ಕೈಲಿ ಓದಿಸಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಅವರು ಅರ್ಕಾ ಸುಗುಣ ಎಂಬ ದಂಟಿನ ತಳಿ ಕೊಟ್ಟಿದ್ದಾರೆ. ಅದು ಹೈಬ್ರಿಡ್ ಅಲ್ಲ. ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ.

ಸಿಹಿಗುಂಬಳ ಹಾಕಿದವರು ಒಂದು ಕೆಲಸ ಮಾಡಿ ನೋಡಿ. ಈಗ ಹಾಕಿದ ಬೀಜ ಒಂದೂವರೆ ತಿಂಗಳಿಗೆ ಹೂ ಬಿಡುತ್ತದೆ. ಮೊದಲು ಬರುವುದೆಲ್ಲ ಗಂಡು ಹೂ. ಕಾಯಿ ಇಲ್ಲ ಎಂದು ಬಳ್ಳಿ ಕಿತ್ತು ಹಾಕಬೇಡಿ. ಆಮೇಲೆ ಹೆಣ್ಣು ಹೂ ಬರುತ್ತದೆ. ಅದರ ಹಿಂದೆ ಗೋಲಿಯಂಥ ಪುಟ್ಟ ಕಾಯಿ ಇರುತ್ತದೆ. ಗಂಡು ಹೂವಿನ ಹುಡಿಯನ್ನು ಜೇನು ತಂದು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಮಳೆ ಹಿಡಿದರೆ ಜೇನು ಹೊರಗೆ ಬರುವುದಿಲ್ಲ. ಆಗ ಕಾಯಿ ಹಳದಿಯಾಗಿ ಉದುರುತ್ತದೆ. ದೃಷ್ಟಿ ಆಯಿತು ಎಂದು ನಾವು ಹಳೆ ಚಪ್ಪಲಿ ಕಟ್ಟುತ್ತೇವೆ! ಅದರ ಬದಲು ಬೆಳಿಗ್ಗೆ ಬೇಗ ಎದ್ದು ಒಂದು ಗಂಡು ಹೂ ಕೀಳಿ. ಎಸಳು ತೆಗೆಯಿರಿ. ನಡುವಿನ ಹುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ. ಕಾಯಿ ನಿಲ್ಲುತ್ತದೆ. ಮಕ್ಕಳಿಗೆ ತೋರಿಸಿ, ಅವರಿಗೆ ಇದು ಬಹಳ ಖುಷಿ. ಮಿಕ್ಕ ಗಂಡು ಹೂವಿನಲ್ಲಿ ಬಜ್ಜಿ ಮಾಡಿ.

ತಿನ್ನುವ ಮಾತು ಬಂತು. ಮಳೆಗಾಲದ ಸಂಜೆ ಬಿಸಿ ಮುದ್ದೆ, ಬೆರಕೆ ಸೊಪ್ಪಿನ ಸಾರು. ದಂಟು, ಬಸಳೆ, ನುಗ್ಗೆ ಸೊಪ್ಪು ಎಲ್ಲ ಹಿತ್ತಲದ್ದೇ. ಘಮ ಬೀದಿಗೆ ಹೋಗುತ್ತದೆ. ಒಂದು ಬಟ್ಟಲು ಪಕ್ಕದ ಮನೆಗೂ ಹೋಗುತ್ತದೆ. ಮನೆಯವರು ಉಂಡರು, ಮಕ್ಕಳು ಉಂಡರು, ಅತ್ತೆ ಮಾವ ಉಂಡರು. ಕೊನೆಗೆ ನಾವು ಕೂತಾಗ ಪಾತ್ರೆಯಲ್ಲಿ ಏನು ಉಳಿದಿರುತ್ತದೆ? ತಿಳಿ ಸಾರು. ಸೊಪ್ಪೆಲ್ಲ ಖಾಲಿ.

2019-21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತ ಕಡಿಮೆ ಇತ್ತು. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬಳು. ನಿಮ್ಮ ಪಕ್ಕ ಕೂತವಳನ್ನು ನೋಡಿ. ಅವಳಲ್ಲದಿದ್ದರೆ ನೀವು. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ, ಯಾವಾಗಲೂ ಸುಸ್ತು. ಬೆಳೆದವಳ ತಟ್ಟೆಗೂ ಸೊಪ್ಪು ಬೀಳಬೇಕು. ಬಡಿಸುವ ಮುಂಚೆಯೇ ನಿಮ್ಮ ಪಾಲು ಎತ್ತಿಡಿ. ಇದು ಕಳ್ಳತನ ಅಲ್ಲ. ಸೊಪ್ಪಿನ ಜೊತೆ ನಿಂಬೆಹುಳಿ ಹಿಂಡಿಕೊಳ್ಳಿ. ಸೊಪ್ಪಿನ ಕಬ್ಬಿಣದ ಸತ್ವ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಉಂಡ ಕೂಡಲೇ ಟೀ ಬೇಡ, ಅದು ಸತ್ವವನ್ನು ತಡೆಯುತ್ತದೆ. ಸೊಪ್ಪು ಒಂದರಿಂದಲೇ ಎಲ್ಲ ಸರಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನೂ ನುಂಗಬೇಕು.

ಹೂವಿನ ಮಾತು ಆಡದೆ ಹಿತ್ತಲು ಮುಗಿಯುವುದಿಲ್ಲ. ಈ ಮಳೆಗೆ ಮಲ್ಲಿಗೆ ಸುರಿದಿದೆ. ನಮ್ಮ ಕೇಂದ್ರದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಬೀದಿಗೆಲ್ಲ ಅವರ ಮನೆಯದೇ ಮಲ್ಲಿಗೆ. ದಿನಾ ಬೆಳಿಗ್ಗೆ ಬಿಡಿಸುತ್ತಾರೆ, ಬಾಳೆ ನಾರಿನಲ್ಲಿ ಕಟ್ಟುತ್ತಾರೆ, ಹೆಣ್ಣು ಮಕ್ಕಳ ಜಡೆಗೆಲ್ಲ ಕೊಡುತ್ತಾರೆ. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಅಂದಿನಿಂದ ಅವರು ಮುಡಿದಿಲ್ಲ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ. ಹೋದ ವಾರ ಪಾಠ ನಡೆಯುತ್ತಿತ್ತು. ಹೊರಗೆ ಜೋರು ಮಳೆ. ಪಕ್ಕ ಕೂತಿದ್ದ ಹುಡುಗಿ ತನ್ನ ಮುಡಿಯ ಹೂವಿನಲ್ಲಿ ಅರ್ಧ ಹರಿದು ಅಜ್ಜಿಯ ತುರುಬಿಗೆ ಸಿಕ್ಕಿಸಿದಳು. ಅಜ್ಜಿ ಕೈ ಎತ್ತಿದರು. ತೆಗೆಯುತ್ತಾರೆ ಎಂದುಕೊಂಡೆವು. ಮುಟ್ಟಿ ನೋಡಿ ಕೈ ಇಳಿಸಿದರು. ಆಮೇಲೆ "ಮಲ್ಲಿಗೆಗೆ ಲಕಾರ ಒತ್ತು ಹೆಂಗೆ ಬರೀಬೇಕು ತೋರ್ಸಿ" ಎಂದು ನಮ್ಮ ಮುಂದೆ ಸ್ಲೇಟು ಹಿಡಿದರು.

ಮಳೆ ಮತ್ತೆ ಕಟ್ಟುತ್ತಿದೆ, ನೀವು ಮನೆ ಸೇರಬೇಕು. ಮುಂದಿನ ಸೋಮವಾರ ಬರುವಾಗ ಒಬ್ಬೊಬ್ಬರೂ ಒಂದು ಪೊಟ್ಟಣ ಬೀಜ ಅಥವಾ ಒಂದು ಕಡ್ಡಿ ತನ್ನಿ. ಹೆಸರು ನೀವೇ ಬರೆದಿರಬೇಕು. ಚಾಪೆಯ ಮೇಲೆ ಎಲ್ಲ ಹರಡೋಣ. ಬೇಕಾದದ್ದನ್ನು ಓದಿ ನೋಡಿ ಆರಿಸಿಕೊಳ್ಳಿ. ಬದನೆ ಸಸಿ ಮಾತ್ರ ಇಲ್ಲಿಗೆ ತರುವುದಿಲ್ಲ. ಅದಕ್ಕೆ ಎಲ್ಲರೂ ಒಟ್ಟಿಗೆ ಕಾಲೋನಿಗೇ ಹೋಗೋಣ.