ಕೂತ್‌ನ ಲೆಕ್ಕ



1915ರ ಡಿಸೆಂಬರಿನಲ್ಲಿ ಮೆಸೊಪೊಟೇಮಿಯದ ಕೂತ್ ಪಟ್ಟಣದಲ್ಲಿ ಬ್ರಿಟಿಷ್ ಜನರಲ್ ಟೌನ್‌ಷೆಂಡನ ಸೈನ್ಯವನ್ನು ತುರ್ಕರು ಮುತ್ತಿದರು. ಸಿಪಾಯಿಗಳಲ್ಲಿ ಬಹುಪಾಲು ನಮ್ಮ ದೇಶದವರು. ಅವರನ್ನು ಬಿಡಿಸಲು ಟೈಗ್ರಿಸ್ ನದಿಗುಂಟ ಹೊರಟ ಸೈನ್ಯಕ್ಕೆ ಸಾಕಷ್ಟು ದೋಣಿಗಳಿರಲಿಲ್ಲ, ವೈದ್ಯರಿರಲಿಲ್ಲ. ಗಾಯಾಳುಗಳು ಮಳೆಯ ಕೆಸರಿನಲ್ಲೇ ಬಿದ್ದರು. ಹನ್ನಾದಲ್ಲಿ ಸೋಲು, ದುಜೈಲಾದಲ್ಲಿ ಸೋಲು. 1916ರ ಏಪ್ರಿಲ್ 29ರಂದು ಕೂತ್ ಶರಣಾಯಿತು.

ಲೆಕ್ಕ ಬರೆಯಬಲ್ಲ ನಾವು ಇದನ್ನೂ ಬರೆದಿಡೋಣ. ಸೆರೆ ಸಿಕ್ಕವರು ಸುಮಾರು 13,000. ಬಿಡಿಸಲು ಹೋಗಿ ಸತ್ತವರು, ಗಾಯಗೊಂಡವರು ಸುಮಾರು 23,000! ಜನರಲ್ ಸಾಹೇಬ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಸುಖವಾಗಿ ಸೆರೆ ಕಳೆದ; ಸಿಪಾಯಿಗಳು ಮರುಭೂಮಿಯಲ್ಲಿ ನಡೆದು, ರೈಲುದಾರಿಯ ಕೂಲಿ ಮಾಡಿ ಸಾವಿರಗಟ್ಟಲೆ ಸತ್ತರು.

ಬೆಲೆ ತೆತ್ತವರಿಗೆ ಅಂದು ಪ್ರಶ್ನೆ ಕೇಳುವ ಹಕ್ಕಿರಲಿಲ್ಲ. ಇಂದು ನಮಗಿದೆ. ಅದನ್ನು ಬಿಟ್ಟುಕೊಡಬಾರದು.